ಅಂಗೈ ಯಂತ್ರದ ಪಾರುಪತ್ಯಗಾರ

ಮನೆತನ ದೊಡ್ಡದಾದಲ್ಲಿ ಪಾರುಪತ್ಯಕ್ಕೊಬ್ಬನಿರಬೇಕು. ಉಗ್ರಾಣದಿಂದ ಯಾರಿಗೆ ಎಷ್ಟು ಕೊಡಬೇಕು, ಯಾವ ಕೆಲಸ ಮೊದಲು, ಯಾವುದು ಅನಂತರ ಎಂಬುದನ್ನೆಲ್ಲ ಅವನೇ ನಿರ್ಧರಿಸಬೇಕು. ಮೊಬೈಲ್ ಫೋನಿನೊಳಗೂ ಅಂಥವನೊಬ್ಬನಿದ್ದಾನೆ. ಅವನಿಗೆ ಆಪರೇಟಿಂಗ್ ಸಿಸ್ಟಂ ಎಂದು ಹೆಸರು. ಅವನು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಆದರೆ ಅವನ ಅಪ್ಪಣೆಯಿಲ್ಲದೆ ತೆರೆಯ ಮೇಲೆ ಒಂದಕ್ಷರವೂ ಮೂಡದು. ಇಂಥ ಪಾರುಪತ್ಯಗಾರರಲ್ಲಿ ಒಂದು ಕಾಲಕ್ಕೆ ಅಗ್ರಗಣ್ಯವೆನಿಸಿ, ಇಂದು ಕಾಣೆಯಾಗಿರುವ ಸಿಂಬಿಯನ್ನಿನ ಚರಿತ್ರೆ ಸ್ವಾರಸ್ಯಕರವಾದುದು. ಮಿತವ್ಯಯದಿಂದಲೇ ಅದು ಗೆದ್ದಿತು. ಕಡೆಗೆ ಆ ಮಿತವ್ಯಯವೇ ಅದಕ್ಕೆ ಮುಳುವಾಯಿತು.

ಎರಡು ಸೆಲ್ಲುಗಳ ಸಂಸಾರ

ಲಂಡನ್ನಿನಲ್ಲಿ ಡೇವಿಡ್ ಪಾಟರ್ 1980ರಲ್ಲಿ ಸ್ಥಾಪಿಸಿದ ಸಯಾನ್ ಕಂಪನಿಯು 1997ರಲ್ಲಿ ‘ಸೀರೀಸ್ 5’ ಎಂಬ ಜೇಬಿನ ಕಂಪ್ಯೂಟರನ್ನು ಹೊರತಂದಿತು. ಗೋಡೆ ಗಡಿಯಾರಕ್ಕೆ ಹಾಕುವಂಥ ಎರಡು ಸೆಲ್ಲುಗಳೇ ಅದರ ಶಕ್ತಿಮೂಲ. ಅದರ ಮೆಮೊರಿ 4 ಅಥವಾ 8 ಮೆಗಾಬೈಟು ಮಾತ್ರ. ಇಂದಿನ ಫೋನಿನ ಒಂದೆರಡು ಛಾಯಾಚಿತ್ರಗಳಿಗೆ ಸಾಕಾಗುವಷ್ಟು ಜಾಗ. ಇದಕ್ಕೆಂದೇ ರಚಿತವಾದುದು ‘ಎಪಾಕ್’ ವ್ಯವಸ್ಥೆ.

ಈ ಯಂತ್ರ ತಿಂಗಳುಗಟ್ಟಲೆ ಎಡೆಬಿಡದೆ ನಡೆಯಬೇಕಾಗಿತ್ತು. ಪ್ರೋಗ್ರಾಂ ಒಂದು ಸಾಲವಾಗಿ ಪಡೆದ ಮೆಮೊರಿಯನ್ನು ಮರಳಿಸಲು ಮರೆತರೆ, ದಿನದಿನಕ್ಕೂ ಉಗ್ರಾಣ ಬರಿದಾಗುತ್ತ ಹೋಗುವುದು. ಆದಕಾರಣ ಪ್ರೋಗ್ರಾಂ ಬರೆಯುವವರು ಇಂಥ ಪ್ರತಿಯೊಂದು ಸಾಲವನ್ನೂ ಖಾತೆಗೆ ಬರೆಯಬೇಕೆಂಬ ಕಟ್ಟುನಿಟ್ಟು ಏರ್ಪಟ್ಟಿತು. ಕೆಲಸ ನಡುವೆಯೇ ಮುರಿದುಬಿದ್ದರೂ ಖಾತೆ ನೋಡಿ ಎಲ್ಲವನ್ನೂ ಮರಳಿ ಪಡೆಯಬಹುದಾಗಿತ್ತು.

1998ರ ಜೂನಿನಲ್ಲಿ ಸಯಾನ್, ನೋಕಿಯಾ, ಎರಿಕ್ಸನ್, ಮೊಟೊರೋಲಾ ಕೂಡಿ ಸಿಂಬಿಯನ್ ಸಂಸ್ಥೆಯನ್ನು ಕಟ್ಟಿದವು. ಎಪಾಕ್ ಹೊಸ ಹೆಸರು ತಳೆದು ಫೋನುಗಳನ್ನು ಹೊಕ್ಕಿತು. 2002ರಲ್ಲಿ ಕ್ಯಾಮೆರಾಸಹಿತವಾದ ನೋಕಿಯಾ 7650 ಬಂದಿತು. ಮುಂದಿನ ಕೆಲವು ವರ್ಷಗಳಲ್ಲಿ ಜಗತ್ತಿನ ಸ್ಮಾರ್ಟ್‌ಫೋನುಗಳಲ್ಲಿ ಅರ್ಧಕ್ಕಿಂತಲೂ ಹೆಚ್ಚಿನವು ಸಿಂಬಿಯನ್ನಿನ ವಶದಲ್ಲಿದ್ದವು.

ಕಾಲ ಬದಲಾಯಿತು

ಆದರೆ ಅದಕ್ಕಾಗಿ ಪ್ರೋಗ್ರಾಂ ಬರೆಯುವವರ ಪಾಡೇನು? ನಾಲ್ಕು ಅಕ್ಷರಗಳ ಒಂದು ಪದವನ್ನು ಇಡುವುದಕ್ಕೂ ಹಲವು ಬಗೆಯ ಪಾತ್ರೆಗಳು. ಯಾವುದಕ್ಕೆ ಯಾವುದೆಂದು ಅರಿಯುವುದೇ ಒಂದು ವಿದ್ಯೆ. ನೋಕಿಯಾದ ‘ಎಸ್ 60’ ಫೋನಿಗೆ ಬರೆದುದು, ಸೋನಿ ಎರಿಕ್ಸನ್ನಿನ ‘ಯುಐಕ್ಯೂ’ ಫೋನಿನಲ್ಲಿ ನಡೆಯದು. ಮೇಲಾಗಿ, ಫೋನಿನ ಮುಖ್ಯ ಸೌಕರ್ಯಗಳನ್ನು ಬಳಸಲು ಪರೀಕ್ಷೆ, ಅನುಮತಿ, ಮುದ್ರೆ!

ಈ ಮಧ್ಯೆ ಮೆಮೊರಿ ಅಗ್ಗವಾಯಿತು, ಚಿಪ್ಪುಗಳು ಚುರುಕಾದವು. 2007ರಲ್ಲಿ ಐಫೋನ್ ಬಂದಿತು. 2008ರ ಜುಲೈಯಲ್ಲಿ 500 ಪ್ರೋಗ್ರಾಂಗಳೊಡನೆ ಅದರ ಅಂಗಡಿ ತೆರೆಯಿತು; ಅದೇ ಅಕ್ಟೋಬರಿನಲ್ಲಿ ಮೊದಲ ಆಂಡ್ರಾಯ್ಡ್ ಫೋನ್ ಮಾರಾಟಕ್ಕೆ ಬಂದಿತು. ಆಂಡ್ರಾಯ್ಡಿನಲ್ಲಿ ಬಹುಮಂದಿ ಬಲ್ಲ ಜಾವಾ ಭಾಷೆಯಲ್ಲಿ ಬರೆದರಾಯಿತು. ಬಳಸಿ ಬಿಟ್ಟ ಮೆಮೊರಿಯನ್ನು ಯಂತ್ರವೇ ಗುಡಿಸಿ ಒಪ್ಪ ಮಾಡುವುದು. ಇಷ್ಟು ಸೌಕರ್ಯವಿರುವಾಗ ಹಳೆಯ ಖಾತೆಪುಸ್ತಕವನ್ನು ಹಿಡಿದು ಕೂರುವವರಾರು?

ನೋಕಿಯಾ 2008ರಲ್ಲಿ ಸಿಂಬಿಯನ್ ಸಂಸ್ಥೆಯನ್ನು ಪೂರ್ಣವಾಗಿ ಕೊಳ್ಳಲು ಮುಂದಾಯಿತು. 2010ರಲ್ಲಿ ಅದರ ಮೂಲ ಬರಹವನ್ನೆಲ್ಲ ಸಾರ್ವಜನಿಕರಿಗೆ ಬಿಟ್ಟುಕೊಡಲಾಯಿತು. ಫಲ ದೊರೆಯಲಿಲ್ಲ. 2011ರ ಫೆಬ್ರವರಿಯಲ್ಲಿ, ಮುಂದಿನ ಹಾದಿ ಮೈಕ್ರೋಸಾಫ್ಟಿನ ವಿಂಡೋಸ್ ಫೋನ್ ಎಂದು ನೋಕಿಯಾ ಸಾರಿತು. ಆ ವಿಂಡೋಸೂ ಫೋನುಗಳಲ್ಲಿ ನೆಲೆಯೂರಲಿಲ್ಲವೆಂಬುದು ಬೇರೆಯ ಮಾತು. ಆದರೆ ಅಂದು ಎಷ್ಟೋ ಮಂದಿ ವರ್ಷಗಟ್ಟಲೆ ಕಷ್ಟಪಟ್ಟು ಕಲಿತ ವಿದ್ಯೆಗೆ ಬೇಡಿಕೆ ಇಲ್ಲದಂತಾಯಿತು.

ಹಾಗೆಂದು ಮಿತವ್ಯಯ ಸತ್ತಿತೆಂದು ವಾಚಕರು ಭಾವಿಸಬೇಕಾಗಿಲ್ಲ. ರಿಚರ್ಡ್ ಬ್ಯಾರಿ 2003ರಲ್ಲಿ ಹೊರತಂದ ‘ಫ್ರೀ ಆರ್‌ಟಿಒಎಸ್’, 2016ರಲ್ಲಿ ಬಂದ ‘ಜೆಫಿರ್’ ಮುಂತಾದುವು ಕೆಲವೇ ಕಿಲೋಬೈಟುಗಳ ಗುಡಿಸಲಿನಲ್ಲೂ ಸಂಸಾರ ನಡೆಸಬಲ್ಲವು. ನಾಣ್ಯಗಾತ್ರದ ಸೆಲ್ಲೊಂದನ್ನೇ ನಂಬಿ ದುಡಿಯುವ ಪುಟ್ಟ ಉಪಕರಣಗಳಲ್ಲಿ ಇಂದಿಗೂ ಲೆಕ್ಕಾಚಾರವೇ ದೊರೆ. ಫೋನಿನ ಅರಮನೆಯಿಂದ ಹೊರಬಿದ್ದ ಆ ಹಳೆಯ ಶಿಸ್ತಿಗೆ ಅಲ್ಲಿ ಈಗಲೂ ಕೈತುಂಬ ಕೆಲಸ.