ಹಲವು ದೇಶಗಳ ಹಳಿಗೆ ಒಂದೇ ಪಾಸು

ಯೂರೋಪಿನ ರೈಲು ಮಾರ್ಗಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಆಯಾ ದೇಶದ ಅಗತ್ಯಕ್ಕೆ ತಕ್ಕಂತೆ, ಬಹುಮಟ್ಟಿಗೆ ನೆರೆಯವರ ಗೊಡವೆಯಿಲ್ಲದೆ ಬೆಳೆದವು. ಎರಡು ಹಳಿಗಳ ನಡುವಿನ ಅಂತರ, ಅಂದರೆ ಗೇಜು, ಫ್ರಾನ್ಸ್, ಜರ್ಮನಿ, ಇಟಲಿಗಳಲ್ಲಿ 1,435 ಮಿಲಿಮೀಟರ್ ಇದ್ದರೆ ಸ್ಪೇನ್ ಮತ್ತು ಪೋರ್ಚುಗಲ್‌ಗಳ ಹಳೆಯ ಮಾರ್ಗಗಳಲ್ಲಿ 1,668 ಮಿಲಿಮೀಟರ್. ಇದು ಭಾರತದ ಬ್ರಾಡ್‌ಗೇಜಿಗಿಂತ ಎಂಟು ಮಿಲಿಮೀಟರ್ ಮಾತ್ರ ಕಡಿಮೆ. ವಿದ್ಯುದೀಕರಣದ ಕಾಲ ಬಂದಾಗಲೂ ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್‌ಗಳು 15,000 ವೋಲ್ಟನ್ನೂ ಇಟಲಿ, ಬೆಲ್ಜಿಯಂಗಳು 3,000 ವೋಲ್ಟನ್ನೂ ಆರಿಸಿಕೊಂಡವು. ಇಂಥ ಖಂಡವನ್ನು ಒಂದೇ ಚೀಟಿ ಹಿಡಿದು ಸುತ್ತಬಹುದೆಂಬ ವ್ಯವಸ್ಥೆ ಎಂಜಿನಿಯರುಗಳ ಕೌಶಲಕ್ಕಿಂತ ಹೆಚ್ಚಾಗಿ ರೈಲ್ವೆ ಆಡಳಿತಗಳ ನಡುವಿನ ಲೆಕ್ಕಪತ್ರದ ಒಪ್ಪಂದದಿಂದ ಮೂಡಿತು. ಮೊದಲ ಯೂರೋಪ್ ಪ್ರವಾಸಕ್ಕೆ ಯೋಜನೆ ಹಾಕುವವರಿಗೆ ಈ ಚರಿತ್ರೆ ತಿಳಿದಿದ್ದರೆ ಅನುಕೂಲ, ಏಕೆಂದರೆ ಪಾಸು ಎಲ್ಲಿ ಸಲೀಸಾಗಿ ನಡೆಯುತ್ತದೆ, ಎಲ್ಲಿ ತೊಡಕಾಗುತ್ತದೆ ಎಂಬುದರ ಕಾರಣ ಅದರಲ್ಲಿಯೇ ಇದೆ.

ಎರಡನೆಯ ಮಹಾಯುದ್ಧದ ನಂತರ ಮೋಟಾರು ಕಾರು ಮತ್ತು ವಿಮಾನಗಳು ರೈಲಿನ ಪ್ರಯಾಣಿಕರನ್ನು ಸೆಳೆಯತೊಡಗಿದಾಗ, ಡಚ್ ರೈಲ್ವೆಯ ಮುಖ್ಯಸ್ಥರಾಗಿದ್ದ ಡೆನ್ ಹೊಲಾಂಡರ್ ಅವರ ಒತ್ತಾಸೆಯಿಂದ 1957ರಲ್ಲಿ ‘ಟ್ರಾನ್ಸ್ ಯೂರೋಪ್ ಎಕ್ಸ್‌ಪ್ರೆಸ್’ ಎಂಬ, ಮೊದಲ ದರ್ಜೆಯ ಬೋಗಿಗಳನ್ನಷ್ಟೇ ಹೊಂದಿದ ಅಂತರರಾಷ್ಟ್ರೀಯ ರೈಲುಗಳ ಜಾಲ ಆರಂಭವಾಯಿತು. ಮರುವರ್ಷ ಜೆಟ್ ವಿಮಾನಗಳು ಅಟ್ಲಾಂಟಿಕ್ ದಾಟತೊಡಗಿ ಅಮೆರಿಕದ ಪ್ರವಾಸಿಗಳ ಹಾದಿ ಸುಗಮವಾಯಿತು. ದೇಶಕ್ಕೊಂದು ಭಾಷೆ, ದೇಶಕ್ಕೊಂದು ನಾಣ್ಯವಿದ್ದ ಆ ಕಾಲದಲ್ಲಿ ಪ್ರತಿ ನಿಲ್ದಾಣದ ಕಿಟಕಿಯ ಮುಂದೆ ನಿಂತು ಟಿಕೆಟ್ ಕೊಳ್ಳುವ ಕಷ್ಟವನ್ನು ತಪ್ಪಿಸಲು 1959ರಲ್ಲಿ 13 ದೇಶಗಳ ರೈಲ್ವೆಗಳು ಸೇರಿ ‘ಯೂರೇಲ್’ ಪಾಸನ್ನು ಹೊರತಂದವು. ಯೂರೋಪಿನ ಹೊರಗೆ ನೆಲೆಸಿದವರಿಗಷ್ಟೇ ಮೀಸಲಾಗಿದ್ದ ಈ ಪಾಸು ಮೊದಲಿಗೆ ಮೊದಲ ದರ್ಜೆಗೆ ಮಾತ್ರ ದೊರೆಯುತ್ತಿತ್ತು, ಅಂದರೆ ಉಳ್ಳವರ ಸವಲತ್ತಾಗಿತ್ತು.

ಅದನ್ನು ಯುವಜನರ ಕೈಗೆ ತಲುಪಿಸಿದ್ದು 1972ರ ‘ಇಂಟರ್‌ರೇಲ್’. ರೈಲ್ವೆಗಳ ಅಂತರರಾಷ್ಟ್ರೀಯ ಒಕ್ಕೂಟ ಸ್ಥಾಪನೆಯಾಗಿ 50 ವರ್ಷ ತುಂಬಿದ ಸಂದರ್ಭಕ್ಕೆಂದು, ಯೂರೋಪಿನಲ್ಲಿಯೇ ನೆಲೆಸಿದ 21 ವರ್ಷದೊಳಗಿನವರು ಒಂದು ತಿಂಗಳ ಕಾಲ 21 ದೇಶಗಳ ಎರಡನೆಯ ದರ್ಜೆಯಲ್ಲಿ ಸುತ್ತಲು ಅದು ಅವಕಾಶ ಕೊಟ್ಟಿತು. ಸ್ವಂತ ದೇಶದೊಳಗೆ ಮಾತ್ರ ಅರ್ಧ ಶುಲ್ಕ ತೆರಬೇಕಿತ್ತು. ಒಂದು ವರ್ಷಕ್ಕೆಂದು ಆರಂಭವಾದ ಯೋಜನೆ ಜನಪ್ರಿಯತೆಯ ಬಲದಿಂದ ಉಳಿದುಕೊಂಡಿತು, ವಯೋಮಿತಿ ಕ್ರಮೇಣ ಏರಿ 1998ರಲ್ಲಿ ಪೂರ್ತಿ ತೆರವಾಯಿತು. ಗಡಿ ತಪಾಸಣೆಯನ್ನು ತೆಗೆದುಹಾಕಿದ ಷೆಂಗೆನ್ ಒಪ್ಪಂದ ಜಾರಿಗೆ ಬರುವುದಕ್ಕೆ ಎರಡು ದಶಕಗಳಿಗೂ ಮೊದಲೇ ಒಂದು ತಲೆಮಾರು ಗಡಿಗಳನ್ನು ದಾಟುವುದನ್ನು ರೈಲಿನಲ್ಲಿ ರೂಢಿಸಿಕೊಂಡಿತ್ತು ಎಂಬುದು ಈ ಪಾಸಿನ ನಿಜವಾದ ಸಾಧನೆ.

ಕಾಗದದ ಪಾಸಿನ ಕಾಲದಲ್ಲಿ ಪ್ರಯಾಣಿಕರು ರೈಲು ಹತ್ತುವ ಮೊದಲು ಆ ದಿನದ ತಾರೀಖನ್ನು ಚೌಕದೊಳಗೆ ಶಾಯಿಯಲ್ಲಿಯೇ ಬರೆಯಬೇಕಿತ್ತು, ತಿದ್ದಿದ ಗುರುತು ಕಂಡರೆ ತಪಾಸಕರು ಅದನ್ನು ಮೋಸವೆಂದು ಪರಿಗಣಿಸಬಹುದಿತ್ತು; ಜೊತೆಗೆ ಎಲ್ಲಿಂದ ಎಲ್ಲಿಗೆ, ಯಾವ ರೈಲಿನಲ್ಲಿ ಎಂಬುದನ್ನು ಪಾಸಿನ ಹೊದಿಕೆಯಲ್ಲಿದ್ದ ಪಟ್ಟಿಯಲ್ಲಿ ತುಂಬಬೇಕಿತ್ತು. ಪಾಸಿನ ಹಣ ಒಂದೆಡೆ ಸಂಗ್ರಹವಾಗಿ ಆಮೇಲೆ ಹಲವು ರೈಲ್ವೆಗಳಿಗೆ ಹಂಚಿಕೆಯಾಗಬೇಕಾದ್ದರಿಂದ, ಯಾರ ಹಳಿಯ ಮೇಲೆ ಎಷ್ಟು ಪ್ರಯಾಣ ನಡೆಯಿತೆಂಬ ಮಾಹಿತಿ ಅಗತ್ಯವಾಗಿತ್ತು. ಈಗ ಮೊಬೈಲ್ ಆ್ಯಪ್‌ನಲ್ಲಿ ಪ್ರತಿ ಪ್ರಯಾಣವನ್ನು ಸೇರಿಸಿ ಕ್ಯೂಆರ್ ಕೋಡ್ ತೋರಿಸುವ ಪದ್ಧತಿ ಅದೇ ಪಟ್ಟಿಯ ಮುಂದುವರಿಕೆ.

ಪಾಸಿನ ಸ್ವಾತಂತ್ರ್ಯ ಕುಗ್ಗತೊಡಗಿದ್ದು 1981ರಲ್ಲಿ, ಪ್ಯಾರಿಸ್ ಮತ್ತು ಲಿಯಾನ್ ನಡುವೆ ಅತಿವೇಗದ ಟಿಜಿವಿ ಓಡತೊಡಗಿದಾಗಿನಿಂದ. ಅದರಲ್ಲಿ ಸೀಟು ಕಾಯ್ದಿರಿಸುವುದು ಕಡ್ಡಾಯವಾಯಿತು, ಮುಂದೆ ಸ್ಪೇನಿನ ಅತಿವೇಗದ ರೈಲುಗಳೂ ಯೂರೋಸ್ಟಾರ್ ಕೂಡ ಅದೇ ಹಾದಿ ಹಿಡಿದವು. ಇವುಗಳಲ್ಲಿ ಪಾಸಿದ್ದವರೂ ಪ್ರತ್ಯೇಕ ಶುಲ್ಕ ತೆರಬೇಕು. ಯೂರೋಸ್ಟಾರ್‌ನಂಥ ಕೆಲವು ರೈಲುಗಳಲ್ಲಿ ಅವರಿಗೆಂದು ಇಟ್ಟ ಸೀಟುಗಳೂ ಮಿತವಾಗಿರುವುದರಿಂದ ಬೇಸಿಗೆಯಲ್ಲಿ ಬೇಗನೆ ಮುಗಿದುಹೋಗುತ್ತವೆ.

ಸ್ವಿಟ್ಜರ್ಲೆಂಡ್ ಇದಕ್ಕೆ ತದ್ವಿರುದ್ಧವಾದ ದಾರಿ ಹಿಡಿಯಿತು. ಪ್ರತಿ ಗಂಟೆಗೆ ಅದೇ ನಿಮಿಷಕ್ಕೆ ರೈಲು ಹೊರಡುವ ವೇಳಾಪಟ್ಟಿಯನ್ನು 1982ರಲ್ಲಿ ದೇಶವಿಡೀ ಜಾರಿಗೆ ತಂದು, 2004ರ ಡಿಸೆಂಬರಿನಲ್ಲಿ ಜ್ಯೂರಿಕ್ ಮತ್ತು ಬರ್ನ್ ನಡುವಿನ ಪ್ರಯಾಣವನ್ನು ಒಂದು ಗಂಟೆಯೊಳಗೆ ತಂದದ್ದು, ಎಲ್ಲ ದಿಕ್ಕಿನ ರೈಲುಗಳೂ ದೊಡ್ಡ ನಿಲ್ದಾಣಗಳಿಗೆ ಗಂಟೆ ಹೊಡೆಯುವ ತುಸು ಮೊದಲು ಬಂದು ತುಸು ನಂತರ ಹೊರಡಲಿ ಎಂಬ ಉದ್ದೇಶದಿಂದ. ಇಂಥಲ್ಲಿ ಒಂದು ರೈಲು ತಪ್ಪಿದರೆ ಮುಂದಿನದು ಇದ್ದೇ ಇರುತ್ತದೆ, ಕಾಯ್ದಿರಿಸುವ ಪ್ರಶ್ನೆಯೇ ಏಳುವುದಿಲ್ಲ, ಪಾಸು ತನ್ನ ಮೂಲ ಅರ್ಥದಲ್ಲಿ ಬಾಳುತ್ತದೆ.

2008ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಬರ್ನಿನಾ ಮಾರ್ಗವನ್ನು ಉದಾಹರಣೆಯಾಗಿ ನೋಡಬಹುದು. ಸೇಂಟ್ ಮೊರಿಟ್ಜ್‌ನಿಂದ ಹೊರಟ ರೈಲು ಹಲ್ಲುಹಳಿಯ ನೆರವಿಲ್ಲದೆಯೇ 2,253 ಮೀಟರ್ ಎತ್ತರಕ್ಕೇರಿ, ಹಿಮನದಿಗಳನ್ನು ಹಾದು, ಬ್ರೂಸಿಯೊ ಎಂಬಲ್ಲಿ ಕಲ್ಲುಕಮಾನುಗಳ ಮೇಲೆ ಪೂರ್ಣ ಸುತ್ತು ಹಾಕಿ ತಾನು ದಾಟಿದ ಸೇತುವೆಯಡಿಯಲ್ಲೇ ನುಸುಳಿ ಇಟಲಿಯ ತಿರಾನೊಗೆ ಇಳಿಯುತ್ತದೆ. ದೊಡ್ಡ ಗಾಜಿನ ಕಿಟಕಿಗಳ ‘ಬರ್ನಿನಾ ಎಕ್ಸ್‌ಪ್ರೆಸ್’ಗೆ ಕಾಯ್ದಿರಿಸುವ ಶುಲ್ಕವಿದೆ, ಅದೇ ಹಳಿಯ ಮೇಲೆ ಓಡುವ ಸಾಧಾರಣ ರೈಲಿಗೆ ಪಾಸೊಂದೇ ಸಾಕು, ನೋಟವಂತೂ ಒಂದೇ.

ಆದ್ದರಿಂದ ಮೊದಲ ಪ್ರವಾಸಕ್ಕೆ ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್‌ಗಳನ್ನು ಆಧಾರವಾಗಿಟ್ಟುಕೊಂಡು, ಫ್ರಾನ್ಸ್ ಅಥವಾ ಸ್ಪೇನಿಗೆ ಒಂದೆರಡು ದೀರ್ಘ ಪ್ರಯಾಣಗಳನ್ನು ಮಾತ್ರ ಮೊದಲೇ ಕಾಯ್ದಿರಿಸಿ ಸೇರಿಸುವುದು ವಿವೇಕದ ಕ್ರಮ. ಇಂದು 33 ದೇಶಗಳಲ್ಲಿ ನಡೆಯುವ ಪಾಸಿನಲ್ಲಿ ಒಂದು ತಿಂಗಳೊಳಗೆ ಬೇಕಾದ 4, 5 ಅಥವಾ 7 ದಿನಗಳನ್ನು ಆರಿಸಿಕೊಳ್ಳುವ ಬಗೆಯೂ ಇದೆ. ಪಾಸು ನಡೆಯುವ ಬ್ರಿಟನ್ ಮತ್ತು ಐರ್ಲೆಂಡ್‌ಗಳಲ್ಲಿ ಷೆಂಗೆನ್ ವೀಸಾ ನಡೆಯುವುದಿಲ್ಲ ಎಂಬುದನ್ನು ಮರೆಯಬಾರದು. ಪಾಸಿನ ಬಗೆಯನ್ನು ನಿರ್ಧರಿಸುವುದು ಪೌರತ್ವವಲ್ಲ, ವಾಸಸ್ಥಳ. ಮ್ಯೂನಿಕ್‌ನಲ್ಲಿ ನೆಲೆಸಿದ ಮಗಳು ಇಂಟರ್‌ರೇಲ್ ಕೊಂಡರೆ ಮೈಸೂರಿನಿಂದ ಬಂದ ಅಪ್ಪ ಅಮ್ಮ ಯೂರೇಲ್ ಕೊಳ್ಳಬೇಕು, ಮೂವರೂ ಒಂದೇ ಬೋಗಿಯಲ್ಲಿ ಕುಳಿತರೂ ಸರಿಯೆ. ಚಿಕ್ಕ ದೂರಗಳಿಗೆ ಸ್ಥಳೀಯ ಟಿಕೆಟ್ ಅಗ್ಗವಾದ್ದರಿಂದ ಪಾಸಿನ ದಿನಗಳನ್ನು ದೂರದ ಹಾದಿಗೆ ಉಳಿಸಿಕೊಳ್ಳುವುದು ಲೇಸು. ಷೆಂಗೆನ್ ಎಂಬ ಹಳ್ಳಿಯಿರುವ ಲಕ್ಸೆಂಬರ್ಗ್ ದೇಶದೊಳಗಂತೂ 2020ರಿಂದ ಎರಡನೆಯ ದರ್ಜೆಯ ರೈಲು ಪ್ರಯಾಣ ಎಲ್ಲರಿಗೂ ಉಚಿತವಾಗಿರುವುದರಿಂದ, ಅಲ್ಲಿ ಸುತ್ತಾಡುವ ದಿನಕ್ಕೆ ಪಾಸಿನ ಒಂದು ದಿನವನ್ನು ಖರ್ಚು ಮಾಡಬೇಕಾಗಿಲ್ಲ.