ಒಂದೇ ಇಂಟರ್‌ನೆಟ್ ಸಂಪರ್ಕ ಹಲವು ಕಂಪ್ಯೂಟರುಗಳಿಗೆ ಸಾಲುವುದು ಹೇಗೆ?

ತುಮಕೂರು, ಗುಬ್ಬಿ, ಕುಣಿಗಲ್‌ಗಳಲ್ಲಿ ಸಾಮಾನ್ಯವಾಗಿ ಮನೆಗೆ ಬರುವ ಫೈಬರ್ ಸಂಪರ್ಕ ಒಂದೇ. ಅದನ್ನು ಎಲ್ಲ ಕಂಪ್ಯೂಟರುಗಳಿಗೆ ಹಂಚುವುದು ರೂಟರ್. ಅದು ಪ್ರತಿ ಯಂತ್ರಕ್ಕೂ ಒಂದು ಖಾಸಗಿ ವಿಳಾಸ ಕೊಡುತ್ತದೆ, ಹೆಚ್ಚಾಗಿ 192.168ರಿಂದ ಶುರುವಾಗುವಂಥದ್ದು. ಈ ವಿಳಾಸ ಮನೆಯ ಹೊರಗೆ ಸಲ್ಲದು. ಹಾಗಾಗಿ ಗುಬ್ಬಿಯ ಮನೆಯೊಂದರ ವಿಳಾಸವೇ ಕುಣಿಗಲ್‌ನ ಮನೆಯಲ್ಲೂ ಇದ್ದರೆ ತೊಂದರೆಯಿಲ್ಲ. ಕಂಪ್ಯೂಟರ್ ಏನನ್ನಾದರೂ ಕೇಳಿದಾಗ ರೂಟರ್ ಅದರ ವಿಳಾಸದ ಜಾಗದಲ್ಲಿ ತನ್ನದನ್ನು ಹಾಕಿ, ಯಾರು ಕೇಳಿದ್ದೆಂಬುದನ್ನು ಪೋರ್ಟ್ ಸಂಖ್ಯೆಯೊಡನೆ ಪಟ್ಟಿಯಲ್ಲಿ ಗುರುತಿಟ್ಟುಕೊಳ್ಳುತ್ತದೆ. ಉತ್ತರ ಬಂದೊಡನೆ ಆ ಸಂಖ್ಯೆ ನೋಡಿ ಸರಿಯಾದ ಯಂತ್ರಕ್ಕೇ ತಲುಪಿಸುತ್ತದೆ. ಇಂಟರ್‌ನೆಟ್ ವಿಳಾಸ ಪದ್ಧತಿಯಾದ ಐಪಿವಿ4ರಲ್ಲಿರುವುದು ಸುಮಾರು 430 ಕೋಟಿ ವಿಳಾಸ ಮಾತ್ರ. ಆ ಕೊರತೆಗೆ ತಾತ್ಕಾಲಿಕ ಪರಿಹಾರವಾಗಿ 1994ರಲ್ಲಿ ಪ್ರಕಟವಾದ ಈ ಉಪಾಯ ಇಂದಿಗೂ ದುಡಿಯುತ್ತಿರುವುದು ನಿಜಕ್ಕೂ ಮೆಚ್ಚತಕ್ಕದ್ದು. ವೇಗ ಮಾತ್ರ ಹಂಚಿಹೋಗುತ್ತದೆ: 100 ಎಂಬಿಪಿಎಸ್ ಸಂಪರ್ಕದಲ್ಲಿ ನಾಲ್ವರು ಒಟ್ಟಿಗೆ ದೊಡ್ಡ ಕಡತ ಇಳಿಸಿಕೊಂಡರೆ ಒಬ್ಬೊಬ್ಬರ ಪಾಲು ಸುಮಾರು 25.