ಕ್ಯಾಲೆಂಡರಿನ ‘ಫ್ರೀ’ ಬೇರೆ, ನಮ್ಮ ಬಿಡುವು ಬೇರೆ

ರೈಲಿನಲ್ಲಿ ಊರಿಗೆ ಹೋಗಿ ಬರುವವರಿಗೆ ಇದು ಹೊಸದಲ್ಲ. ದಾರಿಯುದ್ದಕ್ಕೂ ತಡವಾಗಿ ಓಡಿದ ಗಾಡಿ, ಕೊನೆಯ ನಿಲ್ದಾಣಕ್ಕೆ ಮಾತ್ರ ಸರಿಯಾದ ಸಮಯಕ್ಕೆ ಬಂದುಬಿಡುತ್ತದೆ. ಕಾರಣ ಸರಳ. ವೇಳಾಪಟ್ಟಿ ಮಾಡುವವರು ಕೊನೆಯ ಎರಡು ನಿಲ್ದಾಣಗಳ ನಡುವೆ ಬೇಕಾದುದಕ್ಕಿಂತ ಹೆಚ್ಚು ನಿಮಿಷಗಳನ್ನು ಮೊದಲೇ ಇಟ್ಟಿರುತ್ತಾರೆ. ತಡವಾಗುವುದು ಸಹಜ ಎಂದು ಒಪ್ಪಿಕೊಂಡು ಮಾಡಿದ ಲೆಕ್ಕ ಅದು. ನಮ್ಮ ಆಫೀಸಿನ ಕ್ಯಾಲೆಂಡರಿನಲ್ಲಿ ಈ ಔದಾರ್ಯ ಇಲ್ಲ. 10ಕ್ಕೆ ಒಂದು ಮೀಟಿಂಗ್, 10.30ಕ್ಕೆ ಇನ್ನೊಂದು, 11ಕ್ಕೆ ಮತ್ತೊಂದು. ನೀರು ಕುಡಿಯಲು ಏಳುವುದು ಯಾವಾಗ?

ಪುಣೆಯಲ್ಲಿ ಸಾಫ್ಟ್‌ವೇರ್ ಬರೆಯುವ ನನಗೆ ಇದರ ಹಿಂದಿನ ತರ್ಕ ಗೊತ್ತು. ಎರಡು ಮೀಟಿಂಗ್ ಡಿಕ್ಕಿ ಹೊಡೆಯುತ್ತವೆಯೇ ಎಂದು ನೋಡಲು ಪ್ರೋಗ್ರಾಮ್ ಕೇಳುವುದು ಎರಡೇ ಪ್ರಶ್ನೆ: ಮೊದಲನೆಯದು ಮುಗಿಯುವ ಮುನ್ನ ಎರಡನೆಯದು ಶುರುವಾಗುತ್ತದೆಯೇ? ಎರಡನೆಯದು ಮುಗಿಯುವ ಮುನ್ನ ಮೊದಲನೆಯದು ಶುರುವಾಗುತ್ತದೆಯೇ? ಎರಡಕ್ಕೂ ‘ಹೌದು’ ಎಂದಾದರೆ ಮಾತ್ರ ತಕರಾರು. 10.30ಕ್ಕೆ ಮುಗಿದು 10.30ಕ್ಕೇ ಶುರುವಾದರೆ ಯಂತ್ರಕ್ಕೆ ಅದು ಸಲೀಸು. ತಮಾಷೆಯೆಂದರೆ, ಕಂಪ್ಯೂಟರಿನ ಪ್ರೊಸೆಸರ್‌ಗೂ ಒಂದು ಕೆಲಸ ಬಿಟ್ಟು ಇನ್ನೊಂದನ್ನು ಹಿಡಿಯಲು ಒಂದಿಷ್ಟು ಸಮಯ ಬೇಕು. ಹಳೆಯದು ಎಲ್ಲಿಗೆ ನಿಂತಿತು ಎಂದು ಬರೆದಿಟ್ಟುಕೊಂಡೇ ಅದು ಮುಂದಕ್ಕೆ ಹೋಗುವುದು. ‘ಕಾಂಟೆಕ್ಸ್ಟ್ ಸ್ವಿಚ್’ ಎಂದು ನಾವು ಕಾಲೇಜಿನಲ್ಲಿ ಓದಿದ್ದು ಇದನ್ನೇ. ಯಂತ್ರಕ್ಕೆ ಕೊಟ್ಟ ಈ ವಿನಾಯಿತಿಯನ್ನು ನಮಗೆ ನಾವು ಕೊಟ್ಟುಕೊಂಡಿಲ್ಲ.

2021ರಲ್ಲಿ ಮೈಕ್ರೋಸಾಫ್ಟ್ 14 ಜನರ ತಲೆಗೆ ಇಇಜಿ ಉಪಕರಣ ತೊಡಿಸಿ ಒಂದು ಪ್ರಯೋಗ ಮಾಡಿತು. ಒಂದು ದಿನ ಅರ್ಧ ಗಂಟೆಯ ನಾಲ್ಕು ಮೀಟಿಂಗ್ ಬೆನ್ನುಬೆನ್ನಿಗೆ. ಇನ್ನೊಂದು ದಿನ ಅವುಗಳ ನಡುವೆ 10 ನಿಮಿಷ ಧ್ಯಾನ. ಬಿಡುವಿಲ್ಲದ ದಿನ ಒತ್ತಡ ಸೂಚಿಸುವ ಮೆದುಳಿನ ಅಲೆಗಳು ಏರುತ್ತಲೇ ಹೋದವು, ಬಿಡುವಿದ್ದ ದಿನ ಹಾಗಾಗಲಿಲ್ಲ. ಪ್ರಯೋಗ ಚಿಕ್ಕದು, ನಿಜ. ಆದರೆ ಸಂಜೆಯ ಹೊತ್ತಿಗೆ ನಮ್ಮ ತಲೆ ಹೇಳುವುದೂ ಅದನ್ನೇ.

ಹಾಗಾದರೆ ಮಾಡುವುದೇನು? ನಮ್ಮ ಸಮಯವನ್ನು ಬೇರೆಯವರು ಲಿಂಕ್ ಒತ್ತಿ ಕಾಯ್ದಿರಿಸುವ ಕ್ಯಾಲೆಂಡ್ಲಿಯಂಥ ತಂತ್ರಾಂಶಗಳಲ್ಲಿ, ಗೂಗಲ್ ಕ್ಯಾಲೆಂಡರಿನ ಅಪಾಯಿಂಟ್‌ಮೆಂಟ್ ಪುಟದಲ್ಲಿ ‘ಬಫರ್’ ಎಂಬ ಸೌಲಭ್ಯವಿದೆ. ಅಲ್ಲಿ 10 ನಿಮಿಷ ಎಂದು ಬರೆದರೆ, ಪ್ರತಿ ಭೇಟಿಯ ಬಳಿಕ ಅಷ್ಟು ಸಮಯ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ನಾಲ್ಕು ಗಂಟೆಯಲ್ಲಿ ಎಂಟು ಜನ ಬರುವಲ್ಲಿ ಆರು ಜನ ಬರುತ್ತಾರೆ, ಅಷ್ಟೇ. ದಿನಕ್ಕೆ ಇಷ್ಟೇ ಭೇಟಿ ಎಂದು ಮಿತಿಯನ್ನೂ ಹಾಕಬಹುದು. ನಮ್ಮಂಥ ದಾಕ್ಷಿಣ್ಯದವರಿಗೆ ಇದರಲ್ಲಿ ಇನ್ನೊಂದು ಲಾಭವಿದೆ. ಕಾಯ್ದಿರಿಸುವವರಿಗೆ ಖಾಲಿ ಇರುವ ವೇಳೆ ಮಾತ್ರ ಕಾಣುತ್ತದೆ. ‘ಆಗ ಆಗಲ್ಲ ಸಾರ್’ ಎಂದು ಬಾಯಿಬಿಟ್ಟು ಹೇಳುವ ಸಂಕಟವಿಲ್ಲ.

ಆದರೆ ಲಿಂಕ್ ಬಿಟ್ಟು ನೇರವಾಗಿ ಆಹ್ವಾನ ಕಳಿಸುವ ಸಹೋದ್ಯೋಗಿಗಳಿಗೆ ಈ ಬಫರ್ ಅಡ್ಡ ಬರುವುದಿಲ್ಲ. ಅದಕ್ಕೆ ಬೇರೆ ಉಪಾಯ ಬೇಕು. ಗೂಗಲ್ ಕ್ಯಾಲೆಂಡರಿನ ‘ಸ್ಪೀಡಿ ಮೀಟಿಂಗ್ಸ್’ ಆರಿಸಿಕೊಂಡರೆ ನಾವು ಕರೆಯುವ ಅರ್ಧ ಗಂಟೆಯ ಮೀಟಿಂಗ್ 25 ನಿಮಿಷಕ್ಕೆ, ಒಂದು ಗಂಟೆಯದು 50 ನಿಮಿಷಕ್ಕೆ ಇಳಿಯುತ್ತದೆ. ಔಟ್‌ಲುಕ್‌ನಲ್ಲಿ ಬೇಗ ಮುಗಿಸುವುದರ ಜತೆಗೆ ತಡವಾಗಿ ಶುರುಮಾಡುವ ಆಯ್ಕೆಯೂ ಇದೆ. ನನ್ನ ಮತ ಎರಡನೆಯದಕ್ಕೆ. ಬೇಗ ಮುಗಿಯಬೇಕಾದ ಮೀಟಿಂಗಿನ ಉಳಿದ ಐದು ನಿಮಿಷವನ್ನು ‘ಇನ್ನೊಂದೇ ಒಂದು ವಿಷಯ’ ಎನ್ನುವವರು ನುಂಗಿಬಿಡುತ್ತಾರೆ. 10.35ಕ್ಕೆ ಎಂದು ಕರೆದ ಮೀಟಿಂಗಿಗೆ ಯಾರೂ 10.30ಕ್ಕೆ ಬಂದು ಕೂರುವುದಿಲ್ಲ. ಒಬ್ಬರ ಸೆಟ್ಟಿಂಗ್ ಅವರು ಕರೆಯುವ ಮೀಟಿಂಗಿಗಷ್ಟೇ ಅನ್ವಯ. ಆದ್ದರಿಂದ ಇಡೀ ತಂಡ ಒಪ್ಪಿಕೊಂಡರೆ ಒಳ್ಳೆಯದು.

ವಿದೇಶದವರ ಜತೆ ಕೆಲಸ ಮಾಡುವವರು ಇನ್ನೊಂದು ಕಡೆ ಕಣ್ಣಿಡಬೇಕು. ಚಳಿಗಾಲದಲ್ಲಿ ಲಂಡನ್ನಿನ ಮಧ್ಯಾಹ್ನ 1 ಗಂಟೆ ನಮಗೆ ಸಂಜೆ 6.30, ನ್ಯೂಯಾರ್ಕಿನ ಬೆಳಿಗ್ಗೆ 9 ನಮಗೆ 7.30. ಅಮೆರಿಕದವರು ಗಡಿಯಾರ ಮುಂದೆ ಮಾಡುವುದು ಮಾರ್ಚ್‌ನ ಎರಡನೇ ಭಾನುವಾರ, ಬ್ರಿಟನ್ನಿನವರು ಕೊನೆಯ ಭಾನುವಾರ. ನಡುವಿನ ಆ ಎರಡು ಮೂರು ವಾರ ಎರಡೂ ಮೀಟಿಂಗ್ 6.30ಕ್ಕೇ ಬಂದು ಕೂರುತ್ತವೆ. ಗಡಿಯಾರ ಹಿಂದಕ್ಕೆ ಹೋಗುವ ಅಕ್ಟೋಬರ್ ಕೊನೆಯಲ್ಲೂ ಒಂದು ವಾರ ಇದೇ ಕತೆ. ಮೊದಲೇ ನೋಡಿಕೊಂಡು ಒಂದನ್ನು ಸರಿಸಿಟ್ಟರೆ ಸಂಜೆ ಉಳಿಯುತ್ತದೆ.

ಇಷ್ಟೆಲ್ಲ ಆದ ಮೇಲೂ ಕೆಲವು ಹೊತ್ತನ್ನು ನಾವೇ ಬೇಲಿ ಹಾಕಿ ಕಾಯಬೇಕು. ಮಧ್ಯಾಹ್ನ 1.30 ಅಮ್ಮ ಊಟ ಮುಗಿಸಿ, ಅಡ್ಡಾಗುವ ಮುಂಚೆ ಫೋನ್ ಹತ್ತಿರ ಇಟ್ಟುಕೊಳ್ಳುವ ಸಮಯ. ಸಂಜೆ ಆಕೆಗೆ ಪುರುಸೊತ್ತಾದಾಗ ನನಗೆ ಅಮೆರಿಕದವರ ಕಾಲ್ ಇರುತ್ತದೆ. ಅಂದಮೇಲೆ ಇರುವುದು ಈ ಅರ್ಧ ಗಂಟೆ ಮಾತ್ರ. ಕ್ಯಾಲೆಂಡರ್ ಅದನ್ನು ‘ಫ್ರೀ’ ಎಂದು ತೋರಿಸುತ್ತಿತ್ತು, ಕಂಡವರು ಕಾಯ್ದಿರಿಸುತ್ತಿದ್ದರು. ಈಗ ಅಲ್ಲಿ ದಿನವೂ ಒಂದು ಮೀಟಿಂಗ್ ಇದೆ. ಹೆಸರು, ಕನ್ನಡ ಲಿಪಿಯಲ್ಲೇ, ‘ಬಿಡುವು’.

ಪಕ್ಕದ ಮರಾಠಿ ಗೆಳೆಯ ಇದೇನು ಬರೆದಿದ್ದೀಯ ಎಂದು ಕೇಳಿದ. ‘ಪುರುಸೊತ್ತು’ ಎಂದೆ. ‘ಫುರಸತ್?’ ಎಂದು ನಕ್ಕ; ಅವನ ಭಾಷೆಯಲ್ಲೂ ಅದೇ ಪದ. ಮರುದಿನದಿಂದ 1.30ಕ್ಕೆ ಅವನ ಕ್ಯಾಲೆಂಡರಿನಲ್ಲೂ ಒಂದು ಬೇಲಿ ಎದ್ದಿದೆ. ನಾನು ಮೆಟ್ಟಿಲ ಬಳಿ ನಿಂತು ಅಡಿಕೆ ರೇಟು, ಮಳೆ, ಬೀದಿಯವರ ಮದುವೆ ಸುದ್ದಿ ಕೇಳುತ್ತೇನೆ. ಇಡೀ ದಿನದಲ್ಲಿ ನಾನು ಕನ್ನಡ ಮಾತಾಡುವುದು ಬಹುತೇಕ ಅಷ್ಟೇ ಹೊತ್ತು.